ಸೈಬರ್ ಭದ್ರತೆಯಲ್ಲಿ ಸರ್ಕಾರ–ಖಾಸಗಿ ಸಹಕಾರ: ಭಾರತ

ಬ್ಯಾಂಕು, ವಿದ್ಯುತ್ ಜಾಲ, ದೂರಸಂಪರ್ಕ, ಸಾರಿಗೆ, ಆಸ್ಪತ್ರೆ ಮುಂತಾದ ಸೇವೆಗಳನ್ನು ನಡೆಸುವ ಕಂಪ್ಯೂಟರ್ ವ್ಯವಸ್ಥೆಗಳನ್ನು ದಾಳಿ, ಕಳವು ಮತ್ತು ವಂಚನೆಯಿಂದ ಕಾಯಲು ಸರ್ಕಾರಿ ಸಂಸ್ಥೆಗಳೂ ಖಾಸಗಿ ಕಂಪನಿಗಳೂ ಸೇರಿ ಮಾಡಿಕೊಂಡಿರುವ ಏರ್ಪಾಡು. ದಾಳಿಯ ಸುಳಿವು ಹಂಚಿಕೊಳ್ಳುವುದು, ಘಟನೆಯ ವರದಿ, ಭದ್ರತಾ ಪರಿಶೋಧನೆ, ಅಣಕು ಕವಾಯತು, ತರಬೇತಿ, ಸಾಫ್ಟ್‌ವೇರಿನ ಲೋಪ ಕಂಡುಹಿಡಿದವರಿಂದ ಮಾಹಿತಿ ಪಡೆಯುವುದು ಇದರ ಅಂಗಗಳು. ಗಡಿ ಕಾಯುವ ಹೊಣೆಯನ್ನು ಸೇನೆಗೆ ಒಪ್ಪಿಸಿದಂತೆ ಈ ಕೆಲಸವನ್ನು ಒಂದು ಇಲಾಖೆಗೆ ಒಪ್ಪಿಸಿ ಕೈತೊಳೆದುಕೊಳ್ಳಲಾಗದು. ಕಳ್ಳ ಒಳನುಗ್ಗಿದ್ದು ಮೊದಲು ತಿಳಿಯುವುದು ಆ ಸರ್ವರನ್ನು ನೋಡಿಕೊಳ್ಳುವ ಕಂಪನಿಯ ಎಂಜಿನಿಯರಿಗೆ. ಅದೇ ಕಳ್ಳ ಬೇರೆಲ್ಲಿ ನುಗ್ಗಿದ್ದಾನೆ, ಯಾವ ದೇಶದಿಂದ ಬಂದಿದ್ದಾನೆ ಎಂಬ ಸುಳಿವು ಇರುವುದು ಸರ್ಕಾರದ ಬಳಿ. ಹಿಡಿದು ಶಿಕ್ಷಿಸುವ ಅಧಿಕಾರವೂ ಅದಕ್ಕೇ ಸೇರಿದ್ದು. ಇಬ್ಬರ ಬಳಿಯೂ ಇರುವುದು ಅರ್ಧರ್ಧ ಮಾಹಿತಿ. ಕಂಪನಿಗೆ ಮಾನ ಹೋಗುವ, ಷೇರು ಬೆಲೆ ಕುಸಿಯುವ, ದಂಡ ಬೀಳುವ ಭಯ. ಸರ್ಕಾರಕ್ಕೆ ಗುಟ್ಟು ಹೊರಬೀಳುವ ಭಯ. ಈ ಎರಡು ಭಯಗಳ ನಡುವೆ ಎಷ್ಟು ಮಾಹಿತಿ ದಾಟಿಹೋಗುತ್ತದೆ ಎಂಬುದರ ಮೇಲೆ ಸಹಕಾರದ ಬೆಲೆ ನಿಂತಿದೆ.

ಹಿನ್ನೆಲೆ

1988ರ ನವೆಂಬರ್‌ನಲ್ಲಿ ಅಮೆರಿಕದ ವಿದ್ಯಾರ್ಥಿಯೊಬ್ಬ ಹರಿಯಬಿಟ್ಟ ಮಾರಿಸ್ ವರ್ಮ್ ಅಂದಿನ ಪುಟ್ಟ ಇಂಟರ್ನೆಟ್ಟಿನ ಸಾವಿರಾರು ಕಂಪ್ಯೂಟರ್‌ಗಳನ್ನು ಸ್ತಬ್ಧಗೊಳಿಸಿತು. ಪರಿಹಾರ ಹುಡುಕಿದವರು ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿದ್ದರು. ಅದನ್ನು ಎಲ್ಲರಿಗೂ ಮುಟ್ಟಿಸುವ ನಂಬಿಕೆಯ ಕೇಂದ್ರವೊಂದು ಇರಲಿಲ್ಲ. ಅದೇ ತಿಂಗಳು ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆಯ ಹಣದಿಂದ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ತುರ್ತು ಸ್ಪಂದನಾ ತಂಡ, ಅಂದರೆ ಮೊದಲ ‘ಸರ್ಟ್’, ಹುಟ್ಟಿತು. ಭಾರತದ್ದೂ ಸೇರಿ ಹತ್ತಾರು ದೇಶಗಳ ಸರ್ಟ್‌ಗಳಿಗೆ ಮಾದರಿಯೂ ಹೆಸರೂ ಇದೇ. 1998ರ ಮೇ ತಿಂಗಳಲ್ಲಿ ಅಧ್ಯಕ್ಷ ಕ್ಲಿಂಟನ್ ಹೊರಡಿಸಿದ 63ನೇ ನಿರ್ದೇಶನವು ಪ್ರತಿ ಉದ್ಯಮವೂ ತನ್ನದೇ ಮಾಹಿತಿ ಹಂಚಿಕೆ ಕೇಂದ್ರ ಕಟ್ಟಿಕೊಳ್ಳಲಿ ಎಂದಿತು. ಮರುವರ್ಷ ಹಣಕಾಸು ವಲಯದ ಕೇಂದ್ರ ಆರಂಭವಾಯಿತು.

ಜಗತ್ತನ್ನು ಎಚ್ಚರಿಸಿದ್ದು ಎಸ್ಟೋನಿಯ. ರಾಜಧಾನಿ ಟಾಲಿನ್ನಿನ ನಡುವೆ ಇದ್ದ ಸೋವಿಯತ್ ಕಾಲದ ಕಂಚಿನ ಸೈನಿಕನ ಪ್ರತಿಮೆಯನ್ನು ಸ್ಥಳಾಂತರಿಸಿದ್ದರಿಂದ 2007ರ ಏಪ್ರಿಲ್ 27ರಿಂದ ಸುಮಾರು ಮೂರು ವಾರ ಆ ಪುಟ್ಟ ದೇಶದ ಸಂಸತ್ತು, ಪತ್ರಿಕೆಗಳು ಮತ್ತು ಬ್ಯಾಂಕುಗಳ ಜಾಲತಾಣಗಳ ಮೇಲೆ ಕೃತಕ ಬೇಡಿಕೆಗಳ ಮಳೆ ಸುರಿಯಿತು. ಹೊತ್ತಿಗೆ ಒದಗಿಬಂದವರಲ್ಲಿ ಬ್ಯಾಂಕುಗಳ ಮತ್ತು ಇಂಟರ್ನೆಟ್ ಕಂಪನಿಗಳ ಎಂಜಿನಿಯರುಗಳು ಮುಖ್ಯರು. ಅವರು ಸರ್ಕಾರದ ಚಿಕ್ಕ ತಂಡದ ಜೊತೆ ಮೊದಲೇ ಪರಿಚಯವಿದ್ದವರು. ಪರಸ್ಪರ ಫೋನ್ ಮಾಡುವಷ್ಟು ಸಲುಗೆ ಇದ್ದವರು. ಮುಂದೆ ಆ ಸಲುಗೆಯನ್ನೇ ಎಸ್ಟೋನಿಯ ಸಂಸ್ಥೆಯಾಗಿಸಿತು: ದೇಶದ ಸ್ವಯಂಸೇವಾ ರಕ್ಷಣಾ ದಳದಲ್ಲಿ ಸೈಬರ್ ಘಟಕವೊಂದು ಸೇರಿತು. ಹಗಲು ಖಾಸಗಿ ಕಂಪನಿಯಲ್ಲಿ ದುಡಿಯುವ ತಜ್ಞರು ಬಿಡುವಿನಲ್ಲಿ ಅಲ್ಲಿ ಕವಾಯತು ಮಾಡುತ್ತಾರೆ. ಬ್ರಿಟನ್ 2016ರಲ್ಲಿ ತನ್ನ ರಾಷ್ಟ್ರೀಯ ಸೈಬರ್ ಭದ್ರತಾ ಕೇಂದ್ರವನ್ನು ತೆರೆದಾಗ ಇದಕ್ಕೆ ಹತ್ತಿರದ ದಾರಿ ಹಿಡಿಯಿತು. ‘ಇಂಡಸ್ಟ್ರಿ 100’ ಯೋಜನೆಯಡಿ ಕಂಪನಿಗಳ ನೌಕರರು ವಾರದಲ್ಲಿ ಕೆಲ ದಿನ ಆ ಕೇಂದ್ರದಲ್ಲೇ ಕೂತು ಕೆಲಸ ಮಾಡುತ್ತಾರೆ. ಸಂಬಳ ಕೊಡುವುದು ಅವರ ಕಂಪನಿ.

ಭಾರತದ ಕಾನೂನು, ಸಂಸ್ಥೆಗಳು

ಅಡಿಪಾಯ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ. 2008ರಲ್ಲಿ ಆದ ತಿದ್ದುಪಡಿ ಅದಕ್ಕೆ ಸೇರಿಸಿದವುಗಳಲ್ಲಿ ಎರಡು ಕಲಮುಗಳು ಇಲ್ಲಿ ಮುಖ್ಯ. 70ಬಿ ಕಲಮು 2004ರಿಂದ ಕೆಲಸ ಮಾಡುತ್ತಿದ್ದ ಭಾರತದ ತುರ್ತು ಸ್ಪಂದನಾ ತಂಡ ಸರ್ಟ್-ಇನ್‌ಗೆ ಶಾಸನಬದ್ಧ ಸ್ಥಾನ ಕೊಟ್ಟಿತು. ಘಟನೆಗಳ ಮಾಹಿತಿ ಸಂಗ್ರಹ, ಎಚ್ಚರಿಕೆ, ತುರ್ತು ಕ್ರಮ ಅದರ ಕೆಲಸ. 70ಎ ಕಲಮಿನಡಿ 2014ರ ಜನವರಿಯಲ್ಲಿ ರಾಷ್ಟ್ರೀಯ ನಿರ್ಣಾಯಕ ಮಾಹಿತಿ ಮೂಲಸೌಕರ್ಯ ರಕ್ಷಣಾ ಕೇಂದ್ರ, ಎನ್‌ಸಿಐಐಪಿಸಿ, ಸ್ಥಾಪನೆಯಾಯಿತು. ಕುಸಿದರೆ ದೇಶದ ಭದ್ರತೆ, ಅರ್ಥವ್ಯವಸ್ಥೆ, ಜನಾರೋಗ್ಯಕ್ಕೆ ಪೆಟ್ಟು ಬೀಳುವಂಥ ವ್ಯವಸ್ಥೆಗಳು ಇದರ ಪಾಲಿಗೆ. ಖಾಸಗಿ ಸ್ವತ್ತನ್ನೂ ‘ಸಂರಕ್ಷಿತ ವ್ಯವಸ್ಥೆ’ ಎಂದು ಘೋಷಿಸಲು ಕಾಯ್ದೆ ಅವಕಾಶ ಕೊಡುತ್ತದೆ. 2022ರ ಜೂನ್‌ನಲ್ಲಿ ಐಸಿಐಸಿಐ ಬ್ಯಾಂಕ್, ಎಚ್‌ಡಿಎಫ್‌ಸಿ ಬ್ಯಾಂಕ್ ಮತ್ತು ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮದ ವ್ಯವಸ್ಥೆಗಳು ಈ ಪಟ್ಟಿಗೆ ಸೇರಿದವು. ಅನುಮತಿಯಿಲ್ಲದೆ ಅವುಗಳೊಳಗೆ ನುಗ್ಗಿದವರಿಗೆ ಹತ್ತು ವರ್ಷದವರೆಗೆ ಸೆರೆವಾಸವಿದೆ.

ಉದ್ಯಮದ ಕಡೆಯಿಂದ ಐಟಿ ಕಂಪನಿಗಳ ಒಕ್ಕೂಟ ನಾಸ್ಕಾಂ 2008ರಲ್ಲಿ ಭಾರತೀಯ ದತ್ತಾಂಶ ಭದ್ರತಾ ಮಂಡಳಿಯನ್ನು ಕಟ್ಟಿತು. ವಿದೇಶಿ ಗ್ರಾಹಕರ ದತ್ತಾಂಶ ಭಾರತದಲ್ಲಿ ಸುರಕ್ಷಿತ ಎಂದು ತೋರಿಸಿಕೊಡುವುದು ಹೊರಗುತ್ತಿಗೆ ಕಂಪನಿಗಳ ತುರ್ತಾಗಿತ್ತು. ಸಹಕಾರದ ಬೀಜ ಬಿದ್ದದ್ದು ಆ ವ್ಯಾಪಾರದ ಅಗತ್ಯದಿಂದ. 2012ರಲ್ಲಿ ರಾಷ್ಟ್ರೀಯ ಭದ್ರತಾ ಮಂಡಳಿಯ ಆಶ್ರಯದಲ್ಲಿ ಸರ್ಕಾರ ಮತ್ತು ಉದ್ಯಮದ ಜಂಟಿ ಕಾರ್ಯತಂಡ ರಚನೆಯಾಗಿ, ವಲಯವಾರು ಮಾಹಿತಿ ಹಂಚಿಕೆ ಕೇಂದ್ರಗಳು, ಪರಿಶೋಧನೆ, ಉತ್ಪನ್ನಗಳ ಪರೀಕ್ಷಾ ಪ್ರಯೋಗಾಲಯ ಮತ್ತು ತರಬೇತಿಗೆ ಶಿಫಾರಸು ಮಾಡಿತು. 2013ರ ಜುಲೈನಲ್ಲಿ ಬಂದ ರಾಷ್ಟ್ರೀಯ ಸೈಬರ್ ಭದ್ರತಾ ನೀತಿ ಇವನ್ನು ಬಹುಪಾಲು ಒಪ್ಪಿಕೊಂಡು, ಐದು ವರ್ಷದಲ್ಲಿ 5 ಲಕ್ಷ ತಜ್ಞರನ್ನು ತಯಾರಿಸುವ ಗುರಿ ಇಟ್ಟಿತು. ಗುರಿ ಬರೆಯುವುದು ಸುಲಭ. 2020ರಲ್ಲಿ ಹೊಸ ರಾಷ್ಟ್ರೀಯ ಕಾರ್ಯತಂತ್ರದ ಕರಡು ಸಿದ್ಧವಾಯಿತಾದರೂ ವರ್ಷಗಳುರುಳಿದರೂ ಅದು ಹೊರಬರಲಿಲ್ಲ.

ಸರ್ಕಾರದ ಒಳಗೇ ಯಾರ ಮನೆ ಬಾಗಿಲು ತಟ್ಟಬೇಕು ಎಂಬುದು ಕಂಪನಿಗಳಿಗೆ ಬಹುಕಾಲ ಗೊಂದಲವಾಗಿತ್ತು. ಸರ್ಟ್-ಇನ್ ಇರುವುದು ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದಲ್ಲಿ. ಎನ್‌ಸಿಐಐಪಿಸಿ ಪ್ರಧಾನಿ ಕಚೇರಿಯಡಿಯ ತಾಂತ್ರಿಕ ಗುಪ್ತಚರ ಸಂಸ್ಥೆಯ ಕೈಯಲ್ಲಿ. ಸೈಬರ್ ಅಪರಾಧ ಗೃಹ ಸಚಿವಾಲಯದ್ದು. ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್, ಷೇರುಪೇಟೆಗೆ ಸೆಬಿ. 2024ರ ಸೆಪ್ಟೆಂಬರ್‌ನಲ್ಲಿ ಕೆಲಸ ಹಂಚಿಕೆಯ ನಿಯಮಗಳನ್ನು ತಿದ್ದಿ, ಒಟ್ಟಾರೆ ಸಮನ್ವಯವನ್ನು ರಾಷ್ಟ್ರೀಯ ಭದ್ರತಾ ಮಂಡಳಿಯ ಸಚಿವಾಲಯಕ್ಕೆ ವಹಿಸಲಾಯಿತು.

ತಳಮಟ್ಟದಲ್ಲಿ ಸದ್ದಿಲ್ಲದೆ ನಡೆದ ಕೆಲಸಗಳಲ್ಲಿ 2017ರ ಫೆಬ್ರುವರಿಯಲ್ಲಿ ಆರಂಭವಾದ ಸೈಬರ್ ಸ್ವಚ್ಛತಾ ಕೇಂದ್ರವನ್ನು ಹೆಸರಿಸಬೇಕು. ದಾಳಿಕೋರರು ದೂರದಿಂದ ಕುಣಿಸುವ, ರೋಗ ಹತ್ತಿದ ಕಂಪ್ಯೂಟರ್‌ಗಳ ಐಪಿ ವಿಳಾಸಗಳನ್ನು ಸರ್ಟ್-ಇನ್ ಗುರುತಿಸುತ್ತದೆ. ಆ ವಿಳಾಸ ಯಾರದ್ದೆಂದು ಬಲ್ಲ ಇಂಟರ್ನೆಟ್ ಕಂಪನಿ ತನ್ನ ಗ್ರಾಹಕರಿಗೆ ತಿಳಿಸುತ್ತದೆ. ಆಂಟಿವೈರಸ್ ಕಂಪನಿಗಳು ಕೊಟ್ಟ ಉಪಕರಣದಿಂದ ಗ್ರಾಹಕ ತನ್ನ ಕಂಪ್ಯೂಟರನ್ನು ಉಚಿತವಾಗಿ ಶುಚಿ ಮಾಡಿಕೊಳ್ಳುತ್ತಾನೆ. ಮೂವರಲ್ಲಿ ಒಬ್ಬರು ಕೈಬಿಟ್ಟರೂ ಕೆಲಸ ನಿಲ್ಲುತ್ತದೆ. 2018ರ ಜನವರಿಯಲ್ಲಿ ಬಂದ ‘ಸೈಬರ್ ಸುರಕ್ಷಿತ್ ಭಾರತ್’ ಯೋಜನೆಯಡಿ ಮೈಕ್ರೋಸಾಫ್ಟ್, ಇಂಟೆಲ್, ವಿಪ್ರೋ ಮೊದಲಾದ ಕಂಪನಿಗಳು ಸರ್ಕಾರಿ ಇಲಾಖೆಗಳ ಭದ್ರತಾ ಅಧಿಕಾರಿಗಳಿಗೆ ತರಬೇತಿ ಕೊಟ್ಟವು. ವಿದ್ಯುತ್ ವಲಯ ಉಷ್ಣ, ಜಲ, ಪ್ರಸರಣ, ವಿತರಣೆ ಎಂದು ವಿಭಾಗವಾರು ಸರ್ಟ್‌ಗಳನ್ನು ಮಾಡಿಕೊಂಡಿದೆ.

ಬ್ಯಾಂಕಿಂಗ್ ವಲಯದ ಪಾಠಗಳು

ಸಹಕಾರ ಏಕೆ ಬೇಕು, ಎಲ್ಲಿ ಸೋಲುತ್ತದೆ ಎಂಬುದಕ್ಕೆ ಭಾರತದಲ್ಲಿ ಬ್ಯಾಂಕುಗಳಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. ರಿಸರ್ವ್ ಬ್ಯಾಂಕ್ ಸ್ಥಾಪಿಸಿದ ಹೈದರಾಬಾದಿನ ಸಂಶೋಧನಾ ಸಂಸ್ಥೆ ಐಡಿಆರ್‌ಬಿಟಿ, 2014ರಲ್ಲಿ ಬ್ಯಾಂಕುಗಳಿಗಾಗಿ ಐಬಿ-ಕಾರ್ಟ್ ಎಂಬ ಮಾಹಿತಿ ಹಂಚಿಕೆ ಕೇಂದ್ರ ತೆರೆಯಿತು. 2016ರ ಜೂನ್ 2ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕ್, ಅಸಹಜ ಘಟನೆ ನಡೆದರೆ ಎರಡರಿಂದ ಆರು ಗಂಟೆಯೊಳಗೆ ತನಗೆ ತಿಳಿಸಬೇಕೆಂದು ಆಜ್ಞಾಪಿಸಿತು.

ಸುತ್ತೋಲೆಯ ಶಾಯಿ ಆರುವ ಮೊದಲೇ ಪರೀಕ್ಷೆ ಬಂತು. ಬ್ಯಾಂಕುಗಳ ಪರವಾಗಿ ಎಟಿಎಂ ಜಾಲ ನಡೆಸುತ್ತಿದ್ದ ಹಿಟಾಚಿ ಪೇಮೆಂಟ್ ಸರ್ವಿಸಸ್‌ನ ವ್ಯವಸ್ಥೆಯೊಳಗೆ 2016ರ ಮೇ–ಜುಲೈ ನಡುವೆ ಕುತಂತ್ರಾಂಶ ಸೇರಿತ್ತು. ಸುದ್ದಿ ಜನರಿಗೆ ತಲುಪಿದ್ದು ಅಕ್ಟೋಬರಿನಲ್ಲಿ. ಅಪಾಯದಲ್ಲಿದ್ದ ಡೆಬಿಟ್ ಕಾರ್ಡುಗಳು ಸುಮಾರು 32 ಲಕ್ಷ. ಪಾವತಿ ನಿಗಮದ ಲೆಕ್ಕದಲ್ಲಿ 19 ಬ್ಯಾಂಕುಗಳ 641 ಗ್ರಾಹಕರು ಕಳೆದುಕೊಂಡದ್ದು 1.3 ಕೋಟಿ ರೂಪಾಯಿ. ಹಾನಿಯ ಮೊತ್ತ ಚಿಕ್ಕದಾದರೂ ಸಂಗತಿ ದೊಡ್ಡದು: ಬ್ಯಾಂಕು ಎಷ್ಟೇ ಗಟ್ಟಿಯಿದ್ದರೂ ಅದು ಕೆಲಸ ಹೊರಗೆ ಕೊಟ್ಟ ಕಂಪನಿ ಬಿರುಕು ಬಿಟ್ಟರೆ ಮುಗಿಯಿತು. ರಿಸರ್ವ್ ಬ್ಯಾಂಕಿನ ಹಿಡಿತ ನೇರವಾಗಿ ಇದ್ದದ್ದು ಬ್ಯಾಂಕಿನ ಮೇಲೆ, ಆ ಕಂಪನಿಯ ಮೇಲಲ್ಲ.

ಎರಡನೆಯ ಪಾಠ ಪುಣೆಯದು. 2018ರ ಆಗಸ್ಟ್ 11ರಂದು ಕಾಸ್ಮಾಸ್ ಸಹಕಾರಿ ಬ್ಯಾಂಕಿನ ನಕಲಿ ಕಾರ್ಡುಗಳಿಂದ 28 ದೇಶಗಳ ಎಟಿಎಂಗಳಲ್ಲಿ ಕೆಲವೇ ಗಂಟೆಗಳಲ್ಲಿ ಹಣ ತೆಗೆಯಲಾಯಿತು. 13ರಂದು ಬ್ಯಾಂಕುಗಳ ಅಂತರರಾಷ್ಟ್ರೀಯ ಸಂದೇಶ ಜಾಲ ಸ್ವಿಫ್ಟ್ ಮೂಲಕ ಹಾಂಗ್‌ಕಾಂಗಿಗೆ ಇನ್ನಷ್ಟು ಹೋಯಿತು. ಒಟ್ಟು ಸುಮಾರು 94 ಕೋಟಿ ರೂಪಾಯಿ. ಜಗತ್ತಿನ ಎಟಿಎಂಗಳಿಂದ ಏಕಕಾಲಕ್ಕೆ ಹಣ ದೋಚುವ ಸಂಚು ನಡೆದಿದೆ ಎಂದು ಅಮೆರಿಕದ ಎಫ್‌ಬಿಐ ಬ್ಯಾಂಕುಗಳಿಗೆ ಗೋಪ್ಯ ಎಚ್ಚರಿಕೆ ಕಳಿಸಿದ್ದು ಎಟಿಎಂ ದಾಳಿಯ ಹಿಂದಿನ ದಿನ. ಎಚ್ಚರಿಕೆ ಇತ್ತು, ಪುಣೆಯ ಬ್ಯಾಂಕಿನ ಹಣ ಮಾತ್ರ ಉಳಿಯಲಿಲ್ಲ.

ಮೂರನೆಯದು ಇತ್ತೀಚಿನದು, ಸ್ವಲ್ಪ ಸಮಾಧಾನ ಕೊಡುವಂಥದ್ದು. ಸ್ಟೇಟ್ ಬ್ಯಾಂಕ್ ಮತ್ತು ಟಿಸಿಎಸ್ ಜಂಟಿಯಾಗಿ ಕಟ್ಟಿದ ಸಿ-ಎಡ್ಜ್ ಕಂಪನಿ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಸೇವೆ ಕೊಡುತ್ತದೆ. 2024ರ ಜುಲೈ ಕೊನೆಯಲ್ಲಿ ಅದಕ್ಕೆ, ದತ್ತಾಂಶಕ್ಕೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶವಾದ ರ‍್ಯಾನ್ಸಮ್‌ವೇರ್ ತಗುಲಿತು. ಪಾವತಿ ನಿಗಮ ಕೂಡಲೇ ಆ ಕಂಪನಿಯನ್ನು ತನ್ನ ಜಾಲದಿಂದ ಕತ್ತರಿಸಿಹಾಕಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ನಿಂತವು. ಪರಿಶೋಧನೆ ಮುಗಿದು ಆಗಸ್ಟ್ 1ರ ಹೊತ್ತಿಗೆ ಸಂಪರ್ಕ ಮರಳಿತು. ದೊಡ್ಡ ಜಾಲಕ್ಕೆ ರೋಗ ಹರಡಲಿಲ್ಲ. ದಾಳಿಯ ಜಾಡು ಸೇವಾಪೂರೈಕೆ ಸರಪಳಿಯ ಇನ್ನೊಂದು ಕಂಪನಿಯ ಸರಿಯಾಗಿ ಹೊಂದಿಸದ ಸರ್ವರಿನತ್ತ ಹೋಗುತ್ತದೆಂದು ವಿಶ್ಲೇಷಿಸಿ ವರದಿ ಪ್ರಕಟಿಸಿದ್ದು ಬೆಂಗಳೂರಿನ ಖಾಸಗಿ ಸಂಸ್ಥೆ ಕ್ಲೌಡ್‌ಸೆಕ್.

1930: ಹಣದ ಬೆನ್ನಟ್ಟುವ ಏರ್ಪಾಡು

ಸಾಮಾನ್ಯ ಜನರಿಗೆ ನೇರವಾಗಿ ಮುಟ್ಟುವ ಸಹಕಾರಗಳಲ್ಲಿ 1930 ಸಹಾಯವಾಣಿ ಮುಖ್ಯವಾದುದು. ವಂಚಕನಿಗೆ ಹೋದ ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ. ಬಾಡಿಗೆಗೆ ಪಡೆದ ‘ಮ್ಯೂಲ್’ ಖಾತೆಗಳ ಮೂಲಕ ಬ್ಯಾಂಕಿನಿಂದ ಬ್ಯಾಂಕಿಗೆ, ಅಲ್ಲಿಂದ ವಾಲೆಟ್‌ಗೆ, ಎಟಿಎಂಗೆ, ಕ್ರಿಪ್ಟೊಗೆ ಓಡುತ್ತದೆ. ಪೊಲೀಸರು ದೂರು ಬರೆದುಕೊಂಡು ಬ್ಯಾಂಕಿಗೆ ಪತ್ರ ಕಳಿಸುವ ಹಳೆಯ ಕ್ರಮದಲ್ಲಿ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗುತ್ತಿತ್ತು. 2020ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಒಂದು ಒಳದಾರಿ ಹುಡುಕಿದರು: ಹಣ ಕಳೆದುಕೊಂಡವರು 112ಕ್ಕೆ ಕರೆ ಮಾಡಿದರೆ, ಎಫ್‌ಐಆರ್‌ಗೆ ಕಾಯದೆ ಕಂಟ್ರೋಲ್ ರೂಮಿನಿಂದಲೇ ಬ್ಯಾಂಕಿಗೆ ತಿಳಿಸಿ ಖಾತೆ ಫ್ರೀಜ್ ಮಾಡಿಸುವುದು. ಮೊದಲ ಒಂದೆರಡು ಗಂಟೆಯನ್ನು ‘ಗೋಲ್ಡನ್ ಅವರ್’ ಎನ್ನುವ ಮಾತು ಠಾಣೆಗಳಲ್ಲಿ ಬಳಕೆಗೆ ಬಂದಿತು.

2021ರ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಸಚಿವಾಲಯದ ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರ ದೇಶವ್ಯಾಪಿ ಸಹಾಯವಾಣಿ ಆರಂಭಿಸಿತು; ಅದರ ಈಗಿನ ಸಂಖ್ಯೆ 1930. ಕರೆ ಬಂದೊಡನೆ ವಿವರ ಹಣ ಹೋದ ಬ್ಯಾಂಕಿನ ಪರದೆಯ ಮೇಲೆ ಮೂಡುತ್ತದೆ. ಹಣ ಅಲ್ಲೇ ಇದ್ದರೆ ಆ ಬ್ಯಾಂಕು ತಡೆಹಿಡಿಯುತ್ತದೆ. ಮುಂದೆ ಹೋಗಿದ್ದರೆ ಎಲ್ಲಿಗೆ ಹೋಯಿತೆಂದು ನಮೂದಿಸಿ ಮುಂದಿನ ಬ್ಯಾಂಕಿಗೆ ದಾಟಿಸುತ್ತದೆ. 2024ರ ಸೆಪ್ಟೆಂಬರ್ 10ರಂದು ಉದ್ಘಾಟನೆಯಾದ ಸೈಬರ್ ವಂಚನೆ ತಡೆ ಕೇಂದ್ರದಲ್ಲಿ ಬ್ಯಾಂಕು, ಪಾವತಿ ಕಂಪನಿ, ದೂರಸಂಪರ್ಕ ಕಂಪನಿ ಮತ್ತು ಪೊಲೀಸರ ಪ್ರತಿನಿಧಿಗಳು ಒಂದೇ ಸೂರಿನಡಿ ಕೂರುತ್ತಾರೆ. ಆ ವರ್ಷದ ಕೊನೆಯ ಹೊತ್ತಿಗೆ ಸುಮಾರು 9.94 ಲಕ್ಷ ದೂರುಗಳಲ್ಲಿ 3,431 ಕೋಟಿ ರೂಪಾಯಿಗೂ ಹೆಚ್ಚು ಹಣ ಉಳಿಯಿತೆಂದು ಸರ್ಕಾರ ಸಂಸತ್ತಿಗೆ ತಿಳಿಸಿದೆ. ಎದುರಿಗಿರುವ ಅಂಕಿ ಕಹಿಯಾದುದು: ಸೈಬರ್ ವಂಚನೆಯಲ್ಲಿ ಜನ ಕಳೆದುಕೊಂಡ ಹಣ 2023ರಲ್ಲಿ 7,465 ಕೋಟಿ, 2024ರಲ್ಲಿ 22,845 ಕೋಟಿ ರೂಪಾಯಿ. ಪೊಲೀಸರ ಸೋಗಿನಲ್ಲಿ ಕರೆ ಮಾಡಿ ಬಂಧನದ ಬೆದರಿಕೆ ಹಾಕುವ ‘ಡಿಜಿಟಲ್ ಅರೆಸ್ಟ್’, ನಕಲಿ ಹೂಡಿಕೆ ಆ್ಯಪ್‌ಗಳು ಈ ಏರಿಕೆಯ ಮುಖ್ಯ ಕಾರಣಗಳಲ್ಲಿ ಸೇರುತ್ತವೆ.

ಈ ವೇಗಕ್ಕೂ ಒಂದು ಬೆಲೆಯಿದೆ. ವಂಚನೆಯ ಹಣದಲ್ಲಿ ಸಣ್ಣ ಪಾಲು ತಿಳಿಯದೆ ಬಂದುಬಿದ್ದ ವ್ಯಾಪಾರಿಗಳ ಇಡೀ ಖಾತೆಯೇ ಫ್ರೀಜ್ ಆದ ಪ್ರಕರಣಗಳು ಹಲವು ಹೈಕೋರ್ಟುಗಳನ್ನು ತಲುಪಿವೆ. ಬೇರೆ ರಾಜ್ಯದ ಪೊಲೀಸರ ಆದೇಶವಾದರೆ ಅಂಗಡಿಯವನಿಗೆ ಅದನ್ನು ಬಿಡಿಸಿಕೊಳ್ಳುವುದು ಹರಸಾಹಸ.

ಆರು ಗಂಟೆಯ ವಿವಾದ

2022ರ ಏಪ್ರಿಲ್ 28ರಂದು ಸರ್ಟ್-ಇನ್ ಹೊರಡಿಸಿದ ನಿರ್ದೇಶನ ಸರ್ಕಾರ ಮತ್ತು ಉದ್ಯಮದ ನಡುವಿನ ಬಹುದೊಡ್ಡ ಜಟಾಪಟಿಗೆ ಕಾರಣವಾಯಿತು. ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ. 180 ದಿನಗಳ ಲಾಗ್‌ಗಳ ಸಂಗ್ರಹ. ಸರ್ಕಾರಿ ಸಮಯ ಸರ್ವರುಗಳಿಗೆ ಗಡಿಯಾರ ಹೊಂದಿಕೆ. ವಿಪಿಎನ್ ಮತ್ತು ಕ್ಲೌಡ್ ಕಂಪನಿಗಳು ಗ್ರಾಹಕರ ವಿವರವನ್ನು ಐದು ವರ್ಷ ಇಟ್ಟುಕೊಳ್ಳುವುದು — ಇವು ಅದರ ತಿರುಳು. ವರದಿ ಮಾಡಲೇಬೇಕಾದ 20 ಬಗೆಯ ಘಟನೆಗಳ ಪಟ್ಟಿಯಲ್ಲಿ ನಿರ್ಣಾಯಕ ವ್ಯವಸ್ಥೆಗಳ ಬಾಗಿಲು ತಡವಿ ನೋಡುವಂಥ ಯತ್ನಗಳೂ ಇದ್ದವು. ದೊಡ್ಡ ಕಂಪನಿಗೆ ಅಂಥವು ದಿನನಿತ್ಯದ ಕಾಟ. ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಭಾರತದಲ್ಲಿದ್ದ ತಮ್ಮ ಸರ್ವರುಗಳನ್ನು ತೆಗೆದವು. ಸಣ್ಣ ಉದ್ಯಮಗಳಿಗೂ ವಿಪಿಎನ್ ಸೇವಾದಾರರಿಗೂ ಗಡುವನ್ನು ಸೆಪ್ಟೆಂಬರ್ 25ಕ್ಕೆ ಮುಂದೂಡಲಾಯಿತು. ಆರು ಗಂಟೆಯ ನಿಯಮ ಬದಲಾಗಲಿಲ್ಲ. ಹೋಲಿಕೆಗೆ ಹೇಳುವುದಾದರೆ, ಯೂರೋಪಿನ ಒಕ್ಕೂಟ ಮೊದಲ ಎಚ್ಚರಿಕೆಗೆ 24 ಗಂಟೆ, ವಿವರಕ್ಕೆ 72 ಗಂಟೆ ಕೊಡುತ್ತದೆ. ಅಮೆರಿಕದ 2022ರ ಕಾಯ್ದೆಯಲ್ಲಿ 72 ಗಂಟೆ. ಸುಲಿಗೆಕೋರರಿಗೆ ಹಣ ಕೊಟ್ಟಿದ್ದರೆ ಮಾತ್ರ 24 ಗಂಟೆ.

ಸರ್ಕಾರದ ವಾದದಲ್ಲಿ ಹುರುಳಿಲ್ಲದೆ ಇಲ್ಲ. ದಾಳಿ ಗಂಟೆಗಳಲ್ಲಿ ಹರಡುತ್ತದೆ, ತಡವಾದ ವರದಿ ಇತಿಹಾಸದ ಪಾಠಕ್ಕೆ ಮಾತ್ರ ಉಪಯೋಗ. ಆದರೆ ಬೆಂಕಿ ಆರಿಸಬೇಕಾದ ಎಂಜಿನಿಯರನ್ನು ಅರ್ಜಿ ತುಂಬಲು ಕೂರಿಸುವ ನಿಯಮದಿಂದ ಒಳ್ಳೆಯ ಮಾಹಿತಿ ಬರುವುದು ಕಷ್ಟ. ಜೈಲಿನ ಭಯವಿದ್ದಾಗ ವಕೀಲರು ಮೊದಲು ಓದಿದ ಮೇಲೆ ವರದಿ ಹೊರಡುತ್ತದೆ. ಸರ್ಟ್-ಇನ್ ದಾಖಲಿಸಿದ ಘಟನೆಗಳು 2022ರಲ್ಲಿ 13.91 ಲಕ್ಷವಿದ್ದದ್ದು 2024ರಲ್ಲಿ 20.41 ಲಕ್ಷಕ್ಕೇರಿವೆ. ಇದು ದಾಳಿಯ ಏರಿಕೆಯೋ ವರದಿಯ ಏರಿಕೆಯೋ ಎಂದು ಅಂಕಿಯಿಂದ ತಿಳಿಯದು.

ಸ್ವತಂತ್ರ ಸಂಶೋಧಕರು

ಸಹಕಾರವೆಂದರೆ ದೊಡ್ಡ ಕಂಪನಿಗಳ ಜೊತೆ ಮಾತ್ರ ಎಂದು ತಿಳಿಯುವುದು ತಪ್ಪು. ತಮಿಳುನಾಡಿನ ಕುಡಂಕುಳಂ ಅಣುಸ್ಥಾವರದ ಜಾಲದಲ್ಲಿ ಕುತಂತ್ರಾಂಶವಿದೆಯೆಂದು 2019ರ ಅಕ್ಟೋಬರ್ ಕೊನೆಯಲ್ಲಿ ಖಾಸಗಿ ತಜ್ಞರು ಹೇಳಿದಾಗ ಸ್ಥಾವರ ಮೊದಲು ಅಲ್ಲಗಳೆಯಿತು. ಮರುದಿನ, ಅಕ್ಟೋಬರ್ 30ರಂದು, ಅಣುವಿದ್ಯುತ್ ನಿಗಮ ಒಪ್ಪಿಕೊಂಡಿತು: ಆಡಳಿತ ಕೆಲಸದ ಕಂಪ್ಯೂಟರೊಂದಕ್ಕೆ ಸೋಂಕು ತಗುಲಿತ್ತು, ಸ್ಥಾವರದ ನಿಯಂತ್ರಣ ಜಾಲಕ್ಕೆ ಅದು ತಾಗಿರಲಿಲ್ಲ, ಸರ್ಟ್-ಇನ್ ಸೆಪ್ಟೆಂಬರ್ 4ರಂದೇ ತಿಳಿಸಿತ್ತು. ಹೊರಗಿನವರು ಎಚ್ಚರಿಸಿದರೆ ಮೊದಲ ಪ್ರತಿಕ್ರಿಯೆ ನಿರಾಕರಣೆಯಾಗಿರುವ ಅಭ್ಯಾಸ ಅಣು ಇಲಾಖೆಯೊಂದಕ್ಕೇ ಸೀಮಿತವಲ್ಲ. ಇದಕ್ಕೆ ವ್ಯತಿರಿಕ್ತವಾಗಿ ಅಮೆರಿಕದ ರಕ್ಷಣಾ ಇಲಾಖೆ 2016ರಲ್ಲೇ ತನ್ನ ಜಾಲತಾಣಗಳ ಲೋಪ ಹುಡುಕಿದವರಿಗೆ ಬಹುಮಾನ ಕೊಡಲಾರಂಭಿಸಿತು. ಭಾರತದಲ್ಲಿ ಸರ್ಟ್-ಇನ್ ಮತ್ತು ಎನ್‌ಸಿಐಐಪಿಸಿ ಎರಡೂ ಲೋಪದ ವರದಿಗಳನ್ನು ಸ್ವೀಕರಿಸುತ್ತವೆ. ಆದರೆ ಅನುಮತಿಯಿಲ್ಲದೆ ವ್ಯವಸ್ಥೆಯನ್ನು ಮುಟ್ಟಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳು ಎದುರು ನಿಲ್ಲುತ್ತವೆ. ಸದುದ್ದೇಶದ ಸಂಶೋಧಕರಿಗೆ ಕಾಯ್ದೆಯಲ್ಲಿ ಸ್ಪಷ್ಟ ರಕ್ಷಣೆಯಿಲ್ಲ.

ಕರ್ನಾಟಕ

ಬೆಂಗಳೂರಿನಲ್ಲಿ 2001ರಲ್ಲಿ ಸ್ಥಾಪನೆಯಾದ ಸೈಬರ್ ಅಪರಾಧ ಪೊಲೀಸ್ ಠಾಣೆ ದೇಶದಲ್ಲೇ ಮೊದಲನೆಯದೆಂದು ಹೆಸರಾಗಿದೆ; ಮುಂದೆ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕದ್ರವ್ಯ ಅಪರಾಧಗಳಿಗಾಗಿ ‘ಸೆನ್’ ಠಾಣೆಗಳು ಬಂದವು. ಸಿಐಡಿ, ಇನ್ಫೋಸಿಸ್ ಫೌಂಡೇಶನ್ ಮತ್ತು ದತ್ತಾಂಶ ಭದ್ರತಾ ಮಂಡಳಿ ಸೇರಿ ತೆರೆದ ಸೈಬರ್ ಅಪರಾಧ ತನಿಖಾ ತರಬೇತಿ ಮತ್ತು ಸಂಶೋಧನಾ ಕೇಂದ್ರದಲ್ಲಿ ಪೊಲೀಸರ ಜೊತೆ ನ್ಯಾಯಾಧೀಶರು, ಅಭಿಯೋಜಕರೂ ಕಲಿಯುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯನ್ನು ನೆಲೆಯಾಗಿಸಿಕೊಂಡ ರಾಜ್ಯದ ಉತ್ಕೃಷ್ಟತಾ ಕೇಂದ್ರ ‘ಸೈಸೆಕ್’ ನವೋದ್ಯಮಗಳನ್ನು ಬೆಳೆಸುತ್ತದೆ. 2024ರ ಆಗಸ್ಟ್‌ನಲ್ಲಿ ರಾಜ್ಯ ತನ್ನದೇ ಸೈಬರ್ ಭದ್ರತಾ ನೀತಿಯನ್ನು ಪ್ರಕಟಿಸಿತು.

ಕೊರತೆಗಳು

ಖಾಸಗಿಯವರು ಅಜಾಗರೂಕರು, ಸರ್ಕಾರ ಕಾವಲುಗಾರ ಎಂಬ ಚಿತ್ರ ನಿಜವಲ್ಲ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರುಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ದತ್ತಾಂಶಕ್ಕೆ ದಾಳಿಕೋರರು ಬೀಗ ಹಾಕಿದರು. ಎರಡು ವಾರದಷ್ಟು ಕಾಲ ಹೊರರೋಗಿಗಳ ಚೀಟಿಯಿಂದ ಹಿಡಿದು ಪ್ರಯೋಗಾಲಯದ ವರದಿಯವರೆಗೆ ಎಲ್ಲವೂ ಕೈಬರಹದಲ್ಲಿ ನಡೆದವು. ಜಾಲವನ್ನು ಸರಿಯಾಗಿ ಭಾಗ ಮಾಡದೆ ಬಿಟ್ಟದ್ದು ಕಾರಣವೆಂದು ಸರ್ಕಾರವೇ ಹೇಳಿತು. ಇನ್ನೊಂದೆಡೆ, 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ದೋಷಪೂರಿತ ಅಪ್‌ಡೇಟ್ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳನ್ನು ಕೆಡಿಸಿತು. ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಡಬೇಕಾಯಿತು. ಅಂದು ಯಾರೂ ದಾಳಿ ಮಾಡಿರಲಿಲ್ಲ. ಕಾವಲಿಗೆ ಎಲ್ಲರೂ ಒಂದೇ ಖಾಸಗಿ ಕಂಪನಿಯನ್ನು ನೆಚ್ಚಿದರೆ ಏನಾಗುತ್ತದೆ ಎಂಬುದು ತಿಳಿಯಿತು, ಅಷ್ಟೆ.

ಭಾರತದ ಏರ್ಪಾಡಿನಲ್ಲಿ ಮಾಹಿತಿ ಕೆಳಗಿನಿಂದ ಮೇಲಕ್ಕೆ ಹರಿಯಲು ಕಾನೂನಿದೆ, ಗಡುವಿದೆ, ಶಿಕ್ಷೆಯಿದೆ. ಮೇಲಿನಿಂದ ಕೆಳಕ್ಕೆ ಬರಲು ಅಂಥ ಗಡುವಿಲ್ಲ. ವರದಿ ಕೊಟ್ಟ ಕಂಪನಿಗೆ ಅದರಿಂದ ಏನು ತಿಳಿಯಿತು, ಉಳಿದವರಿಗೆ ಎಚ್ಚರಿಕೆ ಎಷ್ಟು ಹೊತ್ತಿನಲ್ಲಿ ಹೋಯಿತು ಎಂಬುದನ್ನು ಅಳೆಯುವ ಸಾರ್ವಜನಿಕ ಲೆಕ್ಕವಿಲ್ಲ. 2023ರ ನವೆಂಬರ್‌ನಲ್ಲಿ ಸರ್ಟ್-ಇನ್ ಅನ್ನು ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಟ್ಟ ಮೇಲೆ ಆ ಪ್ರಶ್ನೆ ಕೇಳುವ ದಾರಿಯೂ ಕಿರಿದಾಗಿದೆ. 1930 ತಕ್ಕಮಟ್ಟಿಗೆ ಫಲ ಕೊಟ್ಟಿದ್ದರೆ ಅದಕ್ಕೆ ಕಾರಣ, ಅಲ್ಲಿ ಪೊಲೀಸರಿಗೂ ಬ್ಯಾಂಕಿಗೂ ಒಂದೇ ಪರದೆ, ಒಂದೇ ದೂರು, ಒಂದೇ ಗುರಿ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಸೋರಿಕೆಯಾದಾಗ ಸಂಬಂಧಪಟ್ಟ ಜನರಿಗೂ ತಿಳಿಸಬೇಕೆಂದು ಕಂಪನಿಗಳಿಗೆ ವಿಧಿಸಿದೆ. ಸೋರಿಕೆ ತಡೆಯುವ ಕ್ರಮ ಕೈಗೊಳ್ಳದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು.